ಊರ ಕೆಲಸಕ್ಕೆ ಯಾವ ಜೂಮ್ ಲೆನ್ಸ್? ಮೊದಲು ಅಡಿ ಲೆಕ್ಕ ಹಾಕಿ

ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಈಗ ಡಿಎಸ್‌ಎಲ್‌ಆರ್ ಕ್ಯಾಮೆರಾ ಅಪರೂಪದ ವಸ್ತುವೇನಲ್ಲ. ಮದುವೆ ಫೋಟೊ ತೆಗೆಯುವ ಹುಡುಗರ ಹತ್ತಿರ ಇದೆ, ಯೂಟ್ಯೂಬ್ ಚಾನೆಲ್ ನಡೆಸುವವರ ಹತ್ತಿರ ಇದೆ, ನಮ್ಮಂಥ ಅರೆಕಾಲಿಕ ವರದಿಗಾರರ ಹೆಗಲ ಮೇಲೂ ಇದೆ. ಬಹಳ ಜನ ಕೊಳ್ಳುವಾಗ ಜತೆಗೆ ಬಂದ 18-55 ಲೆನ್ಸ್‌ನಲ್ಲೇ ಕೆಲಸ ಶುರು ಮಾಡಿರುತ್ತಾರೆ. ಆರು ತಿಂಗಳಾಗುವಷ್ಟರಲ್ಲಿ ಅದು ಸಾಲದು ಅನ್ನಿಸುತ್ತದೆ. ಆಗ ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಎಲ್ಲದಕ್ಕೂ ಆಗುವಂಥ ಒಂದು ಜೂಮ್ ಲೆನ್ಸ್ ಹೇಳು."

ಪ್ರಶ್ನೆ ಸಣ್ಣದಲ್ಲ. ಸುದ್ದಿಗೆ ಇಷ್ಟು, ಚಿತ್ರಕ್ಕೆ ಇಷ್ಟು ಎಂದು ಎಣಿಸಿ ದುಡ್ಡು ಪಡೆಯುವವರಿಗೆ ಒಂದು ಲೆನ್ಸ್ ಎಂದರೆ ಹಲವು ತಿಂಗಳ ದುಡಿಮೆ. ಕೈಸಾಲ ಮಾಡಿ, ಕಂತು ಕಟ್ಟಿ, ಮನೆಯವರ ಹತ್ತಿರ ಮಾತು ಕೇಳಿ ಕೊಂಡುಕೊಳ್ಳುತ್ತೇವೆ. ಹಾಗಾಗಿ ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. 18-300, 18-400 ಎಂಬ ದೊಡ್ಡ ನಂಬರ್ ನೋಡಿ ಮರುಳಾಗಬೇಡಿ. ನೀವು ಕೆಲಸ ಮಾಡುವಾಗ ಜನರಿಂದ ಎಷ್ಟು ಅಡಿ ದೂರ ನಿಲ್ಲುತ್ತೀರಿ ಎಂದು ಲೆಕ್ಕ ಹಾಕಿ. ಆ ಲೆಕ್ಕದಲ್ಲಿ ಊರಿನ ಹೆಚ್ಚಿನ ಕೆಲಸಕ್ಕೆ ಕ್ಯಾನನ್‌ನ 18-135 ಅಥವಾ ನಿಕಾನ್‌ನ 18-140 ಸಾಕು. ಉಳಿದ ದುಡ್ಡು ಬೆಳಕಿಗೆ ಇಟ್ಟುಕೊಳ್ಳಿ.

ಅಡಿ ಲೆಕ್ಕ

ಲೆನ್ಸ್ ಮೇಲೆ ಬರೆದಿರುವ ಎಂ.ಎಂ. ಸಂಖ್ಯೆ ಅಂಗಡಿಯವರಿಗೆ ಅರ್ಥವಾಗುತ್ತದೆ. ನಮಗೆ ಅರ್ಥವಾಗುವುದು ಅಡಿ. ಕ್ಯಾನನ್ 1500ಡಿ ಅಂಥ ಸಾಮಾನ್ಯ ಕ್ಯಾಮೆರಾವನ್ನು ಅಡ್ಡ ಹಿಡಿದು, ಒಬ್ಬರ ತಲೆಯಿಂದ ಸೊಂಟದವರೆಗೆ, ಅಂದರೆ ಸುಮಾರು ಮೂರು ಅಡಿ ಎತ್ತರ, ಚಿತ್ರದ ತುಂಬ ಬರಬೇಕು ಎಂದುಕೊಳ್ಳಿ. 55 ಎಂ.ಎಂ.ನಲ್ಲಿ ನೀವು ಸುಮಾರು 11 ಅಡಿ ದೂರದಲ್ಲಿ ನಿಲ್ಲಬೇಕು. 135ರಲ್ಲಿ ಸುಮಾರು 27 ಅಡಿ. 250ರಲ್ಲಿ 50 ಅಡಿ. 400ರಲ್ಲಿ 80 ಅಡಿ. ನಿಕಾನ್ ಸೆನ್ಸರ್ ಸ್ವಲ್ಪ ದೊಡ್ಡದು, ಲೆಕ್ಕ ಒಂದೆರಡು ಅಡಿ ಆಚೆ ಈಚೆ ಆಗುತ್ತದೆ ಅಷ್ಟೆ.

ಈಗ ನಮ್ಮ ಜಾಗಗಳನ್ನು ನೆನೆಸಿಕೊಳ್ಳಿ. ದಾವಣಗೆರೆ ಎಪಿಎಂಸಿ ಯಾರ್ಡ್‌ನಲ್ಲಿ ಮೆಕ್ಕೆಜೋಳದ ರಾಶಿ ಪಕ್ಕ ನಿಂತ ರೈತ ನಮ್ಮಿಂದ ಎಂಟು ಹತ್ತು ಅಡಿ ದೂರ. ಚೀಲ ಹೊತ್ತು ಬರುವ ಹಮಾಲರು ಇಪ್ಪತ್ತು ಅಡಿಯಿಂದ ನಮ್ಮ ಮೈಮೇಲೇ ಬರುತ್ತಾರೆ. ಸಭೆಯಲ್ಲಿ ವೇದಿಕೆ ಮುಂದೆ ನಿಂತರೆ ಭಾಷಣಕಾರರು ಇಪ್ಪತ್ತು ಇಪ್ಪತ್ತೈದು ಅಡಿ. ಮದುವೆ ಮಂಟಪದಲ್ಲಿ ಧಾರೆ ಎರೆಯುವಾಗ ಆರು ಅಡಿ ಜಾಗ ಸಿಕ್ಕರೆ ಅದೃಷ್ಟ. ಇವೆಲ್ಲ 135ರ ಒಳಗೇ ಮುಗಿಯುತ್ತವೆ.

ಇನ್ನು ಆ ಕಡೆಯ ತುದಿ. 18 ಎಂ.ಎಂ.ನಲ್ಲಿ ಹತ್ತು ಅಡಿ ದೂರ ನಿಂತರೆ ಸುಮಾರು ಹನ್ನೆರಡು ಅಡಿ ಅಗಲ ಚಿತ್ರದಲ್ಲಿ ಬರುತ್ತದೆ. ಮಳೆಗೆ ಗೋಡೆ ಬಿದ್ದ ಮನೆಯ ಪಡಸಾಲೆ, ಅದರ ಮುಂದೆ ಕುಳಿತ ಅಜ್ಜಿ, ಹೊರಗೆ ತಂದಿಟ್ಟ ಪಾತ್ರೆ ಸಾಮಾನು ಎಲ್ಲ ಒಂದೇ ಚಿತ್ರದಲ್ಲಿ ಸೇರುತ್ತವೆ. ಪರಿಹಾರದ ಸುದ್ದಿಗೆ ಬೇಕಾದ ಚಿತ್ರ ಅದೇ. ಅಜ್ಜಿಯ ಕಣ್ಣೀರು ಮಾತ್ರ ದೊಡ್ಡದಾಗಿ ಬಂದರೆ ಓದುಗರಿಗೆ ಕನಿಕರ ಹುಟ್ಟಬಹುದು, ಮನೆಗೆ ಏನಾಯಿತು ಎಂದು ತಿಳಿಯುವುದಿಲ್ಲ. 70-300 ಒಂದನ್ನೇ ಹಾಕಿಕೊಂಡು ಹೋದವರಿಗೆ ಈ ಚಿತ್ರ ಸಿಗದು.

ಒಂದೇ ಲೆನ್ಸ್ ಏಕೆ?

"18-55 ಇದ್ದೇ ಇದೆಯಲ್ಲ, ಕಡಿಮೆ ಬೆಲೆಗೆ 55-250 ತಗೊಂಡು ಬದಲಾಯಿಸಿಕೊಂಡರೆ ಆಯ್ತು" ಎನ್ನುವ ವಾದವಿದೆ. ಒಳ್ಳೆಯ ವಾದವೇ. ಕ್ಯಾನನ್ 55-250 ಎಸ್‌ಟಿಎಂ ತೂಗುವುದು ಸುಮಾರು 375 ಗ್ರಾಂ. ಬೆಲೆಗೆ ಹೋಲಿಸಿದರೆ ಚಿತ್ರವೂ ಚೆನ್ನ. ಮರದ ನೆರಳಲ್ಲಿ ನಿಂತು ಸಾವಧಾನವಾಗಿ ಲೆನ್ಸ್ ಬದಲಿಸುವ ಕೆಲಸ ನಿಮ್ಮದಾದರೆ ಧಾರಾಳವಾಗಿ ಅದನ್ನೇ ಕೊಳ್ಳಿ.

ನಮ್ಮ ಕೆಲಸದಲ್ಲಿ ಆ ಸಾವಧಾನ ಸಿಗುವುದು ಕಡಿಮೆ. ಸುಗ್ಗಿಯಲ್ಲಿ ಯಾರ್ಡ್ ತುಂಬ ಜೋಳದ ಹೊಟ್ಟು, ದೂಳು. ಹೋಳಿಯಂದು ದಾವಣಗೆರೆಯ ರಾಂ ಅಂಡ್ ಕೋ ವೃತ್ತದಲ್ಲಿ ಗಾಳಿಯೆಲ್ಲ ಬಣ್ಣ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಲ್ಲಿ ಕೈ ಎತ್ತಲು ಜಾಗವಿಲ್ಲ. ಇಂಥ ಕಡೆ ಲೆನ್ಸ್ ತೆಗೆದರೆ ಒಳಗಿನ ಸೆನ್ಸರ್ ಮೇಲೆ ದೂಳು ಕೂರುತ್ತದೆ. ಆಮೇಲೆ ಆಕಾಶ ಇರುವ ಪ್ರತಿ ಚಿತ್ರದಲ್ಲೂ ಕಪ್ಪು ಚುಕ್ಕೆ. ಅದಕ್ಕಿಂತ ದೊಡ್ಡ ನಷ್ಟ, ಲೆನ್ಸ್ ಬದಲಿಸುವ ಅರ್ಧ ನಿಮಿಷದಲ್ಲಿ ಘಟನೆ ಮುಗಿದುಹೋಗಿರುತ್ತದೆ.

18-135 ಎಸ್‌ಟಿಎಂ ಸುಮಾರು 480 ಗ್ರಾಂ, ನಿಕಾನ್ 18-140 ಸುಮಾರು 490 ಗ್ರಾಂ. ಬೈಕ್‌ನಲ್ಲಿ ಹರಿಹರ, ಜಗಳೂರು ಸುತ್ತಿದರೂ ಕುತ್ತಿಗೆ ನೋಯದು. ಎಸ್‌ಟಿಎಂ ಮೋಟರ್ ಸದ್ದು ಮಾಡುವುದಿಲ್ಲ, ಹಾಗಾಗಿ ವಿಡಿಯೊದಲ್ಲಿ ಫೋಕಸ್ ತಿರುಗುವ ಗಿರಗಿರ ಕೇಳಿಸದು. ವಿಡಿಯೊ ಸುದ್ದಿ ಮಾಡುವವರು ಇದನ್ನು ಗಮನಿಸಬೇಕು.

ದೊಡ್ಡ ನಂಬರ್‌ನ ನಿಜ

ಟ್ಯಾಮ್ರಾನ್ 18-400 ಲೆನ್ಸ್ 2017ರಲ್ಲಿ ಬಂತು. ಒಂದೇ ಲೆನ್ಸ್‌ನಲ್ಲಿ ಅಷ್ಟು ದೂರ ಹೋಗುವುದು ಸಣ್ಣ ಸಾಧನೆಯಲ್ಲ. ಕೆರೆ ಹಕ್ಕಿ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯ ಎಂದು ಸುತ್ತುವ ಹವ್ಯಾಸಿಗಳಿಗೆ 135 ಏನೂ ಅಲ್ಲ, ಅವರಿಗೆ 300, 400 ಬೇಕೇ ಬೇಕು. ಅವರ ಲೆಕ್ಕ ಬೇರೆ.

ಆದರೆ ಆ ದೂರಕ್ಕೆ ಬೆಲೆ ಇದೆ. ಅದು ತೂಗುವುದು 700 ಗ್ರಾಂಗೂ ಹೆಚ್ಚು. 400ಕ್ಕೆ ಹೋದಾಗ ಅದರ ಅಪರ್ಚರ್ ಎಫ್ 6.3, ಅಂದರೆ ಬೆಳಕಿನ ಬಾಗಿಲು ಕಿರಿದು. ಕೈ ನಡುಕ ಚಿತ್ರಕ್ಕೆ ತಾಗದಿರಲು 400ರಲ್ಲಿ ಶಟರ್ 1/600ರ ಆಸುಪಾಸು ಇರಬೇಕು ಎನ್ನುವುದು ಹಳೆಯ ಲೆಕ್ಕ. ಲೆನ್ಸ್ ಒಳಗಿನ ಸ್ಟೆಬಿಲೈಸರ್ ನಮ್ಮ ಕೈ ನಡುಕವನ್ನು ತಡೆಯುತ್ತದೆ ನಿಜ. ಡೊಳ್ಳು ಕುಣಿಯುವವರ ಕಾಲನ್ನು ಅದು ತಡೆಯಲಾರದು. ಕುಣಿತಕ್ಕೆ 1/250 ಆದರೂ ಬೇಕು, 1/250ಕ್ಕೆ ಬೆಳಕು ಬೇಕು.

ದೊಡ್ಡ ಜೂಮ್‌ನಲ್ಲಿ ಚಿತ್ರದ ಚೂಪು ಸ್ವಲ್ಪ ಕಡಿಮೆ ಎಂದು ಕೆಲವರು ಹೆದರಿಸುತ್ತಾರೆ. ಫೋನಿನಲ್ಲಿ ನೋಡುವ ಚಿತ್ರಕ್ಕೆ, ಪತ್ರಿಕೆಯ ಎರಡು ಕಾಲಂ ಚಿತ್ರಕ್ಕೆ ಆ ವ್ಯತ್ಯಾಸ ಕಾಣುವುದೇ ಇಲ್ಲ. ನಮ್ಮ ತಕರಾರು ಚೂಪಿನದಲ್ಲ. ವರ್ಷಕ್ಕೆ ನಾಲ್ಕು ಸಲ ಬಳಸುವ ದೂರಕ್ಕೆ ವರ್ಷಪೂರ್ತಿ ಕಂತು ಕಟ್ಟಬೇಕಾ ಎಂಬುದು.

ಸಂಜೆ ಆರರ ನಂತರ

ಹಳ್ಳಿಯ ಸುದ್ದಿ ಅರ್ಧದಷ್ಟು ನಡೆಯುವುದು ಕತ್ತಲಾದ ಮೇಲೆ. ರಾಜನಹಳ್ಳಿಯ ವಾಲ್ಮೀಕಿ ಜಾತ್ರೆಯ ರಾತ್ರಿ ವೇದಿಕೆ, ಊರಿನ ನಾಟಕ, ಕರೆಂಟು ಹೋದಾಗ ನಡೆಯುವ ಗ್ರಾಮಸಭೆ. ಹಗಲಲ್ಲೂ ಕತ್ತಲೆ ಇರುವ ಜಾಗಗಳಿವೆ. ಹರಿಹರೇಶ್ವರ ದೇವಾಲಯವನ್ನೇ ನೋಡಿ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ 13ನೇ ಶತಮಾನದ ಗುಡಿ ಅದು. ಮುಂದಿನ ಮಂಟಪದ ಕಡೆದ ಕಂಬಗಳ ಮೇಲೆ ಬೆಳಗಿನ ಬೆಳಕು ಚೆಂದ ಬೀಳುತ್ತದೆ. ನಾಲ್ಕು ಹೆಜ್ಜೆ ಒಳಗೆ ಹೋದರೆ ಬೆಳಕು ಸರ್ರನೆ ಇಳಿಯುತ್ತದೆ. (ಒಳಗೆ ಕ್ಯಾಮೆರಾ ತೆಗೆಯುವ ಮುನ್ನ ಅಲ್ಲಿನವರನ್ನು ಕೇಳಿ.)

ಇಂಥಲ್ಲಿ 18-135 ಕೂಡ ಸೋಲುತ್ತದೆ. ಅದರ ಉದ್ದದ ತುದಿಯಲ್ಲಿ ಅಪರ್ಚರ್ ಎಫ್ 5.6. 50 ಎಂ.ಎಂ. ಎಫ್ 1.8 ಎಂಬ ಸಣ್ಣ ಲೆನ್ಸ್ ಒಳಬಿಡುವ ಬೆಳಕಿನಲ್ಲಿ ಇದು ಸುಮಾರು ಹತ್ತನೇ ಒಂದು ಪಾಲು ಮಾತ್ರ. ಅಂದರೆ ಜೂಮ್‌ನಲ್ಲಿ ಐಎಸ್‌ಒ 6400 ಇಟ್ಟು ಚಿತ್ರವೆಲ್ಲ ಮರಳು ಮರಳಾಗಿ ಬರುವ ಕಡೆ, 50ರಲ್ಲಿ ಐಎಸ್‌ಒ 640 ಇಟ್ಟು ಶುದ್ಧ ಚಿತ್ರ ತೆಗೆಯಬಹುದು. ಕ್ಯಾನನ್ 50 ಎಫ್ 1.8 ಎಸ್‌ಟಿಎಂ ತೂಗುವುದು ಬರೀ 160 ಗ್ರಾಂ, ಬೆಲೆ ದೊಡ್ಡ ಜೂಮ್‌ನ ಒಂದು ಚೂರು. ಇದರಲ್ಲಿ ಜೂಮ್ ಇಲ್ಲ, ನಾವೇ ಹಿಂದೆ ಮುಂದೆ ನಡೆಯಬೇಕು. ನಡೆಯಲು ನಮಗೇನು ಕಷ್ಟ?

ಮದುವೆಯನ್ನೇ ಕಸುಬು ಮಾಡಿಕೊಂಡವರು ಸಿಗ್ಮಾ 17-50 ಎಫ್ 2.8 ನೋಡಬಹುದು. ಅದು ಜೂಮ್ ಮಾಡಿದರೂ ಎಫ್ 2.8ರಲ್ಲೇ ನಿಲ್ಲುತ್ತದೆ, ಎಫ್ 5.6ಕ್ಕೆ ಹೋಲಿಸಿದರೆ ನಾಲ್ಕು ಪಟ್ಟು ಬೆಳಕು. ದೂರ ಕಡಿಮೆ, ಆದರೆ ಮಂಟಪದಲ್ಲಿ ದೂರ ಯಾರಿಗೆ ಬೇಕು?

ಕೊಳ್ಳುವ ಮುನ್ನ

ನಿಮ್ಮ ಕಳೆದ ಇನ್ನೂರು ಚಿತ್ರ ತೆರೆಯಿರಿ. ಪ್ರತಿ ಚಿತ್ರದ ವಿವರದಲ್ಲಿ ಎಷ್ಟು ಎಂ.ಎಂ.ನಲ್ಲಿ ತೆಗೆದದ್ದು ಎಂದು ಇರುತ್ತದೆ. ಹೆಚ್ಚಿನವು 18ರ ಹತ್ತಿರ ಇದ್ದರೆ ನಿಮಗೆ ದೂರದ ಲೆನ್ಸ್ ಬೇಡ, ದುಡ್ಡು ಉಳಿಯಿತು. ಹೆಚ್ಚಿನವು 55ಕ್ಕೆ ಬಂದು ನಿಂತಿದ್ದರೆ ಮುಂದಿನ ಲೆನ್ಸ್ ನಿಜವಾಗಿ ಬೇಕು.

ಕ್ಯಾನನ್ ಲೆನ್ಸ್ ನಿಕಾನ್‌ಗೆ ಕೂರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ನಿಕಾನ್ ಒಳಗೇ ಇನ್ನೊಂದು ಗುಂಡಿ ಇದೆ. ಡಿ3500, ಡಿ5600 ಅಂಥ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಹೆಸರಿನಲ್ಲಿ 'ಎಎಫ್-ಎಸ್' ಅಥವಾ 'ಎಎಫ್-ಪಿ' ಎಂದಿರುವ ಲೆನ್ಸ್ ಆದರೆ ತಾನೇ ಫೋಕಸ್ ಆಗುತ್ತದೆ. ಬರೀ 'ಎಎಫ್' ಎಂದಿರುವ ಹಳೆಯ ಲೆನ್ಸ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಕೈಯಲ್ಲೇ ಫೋಕಸ್ ತಿರುಗಿಸುತ್ತ ಕೂರಬೇಕು. ಡಿ3100, ಡಿ5100 ಅಂಥ ಹಳೆಯ ಕ್ಯಾಮೆರಾದಲ್ಲಿ ಎಎಫ್-ಪಿ ಕೂಡ ಕೆಲಸ ಮಾಡದು. ಹಾಗಾಗಿ ನಿಮ್ಮ ಕ್ಯಾಮೆರಾ ಜತೆಗೇ ಒಯ್ದು, ಹಾಕಿ ನೋಡಿ ದುಡ್ಡು ಕೊಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳಲು ನಾಚಿಕೆ ಬೇಡ. ಕ್ಯಾನನ್, ನಿಕಾನ್ ಎರಡೂ ಈಗ ಮಿರರ್‌ಲೆಸ್ ಕ್ಯಾಮೆರಾ ಕಡೆ ತಿರುಗಿವೆ. ಪೇಟೆಯ ಸ್ಟುಡಿಯೊದವರು ಹೊಸದಕ್ಕೆ ಹೋದಾಗ ಹಳೆಯ ಒಳ್ಳೆಯ ಲೆನ್ಸ್‌ಗಳು ನಮ್ಮ ಕೈಗೆ ಬರುತ್ತವೆ. ಫೋನಿನ ಟಾರ್ಚನ್ನು ಲೆನ್ಸ್ ಹಿಂದೆ ಹಿಡಿದು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಗೆರೆ ಕಂಡರೆ ಅದು ಬೂಷ್ಟು, ಬಿಟ್ಟುಬಿಡಿ. ಒಂದೆರಡು ದೂಳಿನ ಕಣ ಇದ್ದರೆ ಚಿಂತೆಯಿಲ್ಲ. ಜೂಮ್ ಉಂಗುರ ಎಲ್ಲೂ ತಡೆಯದೆ ತಿರುಗಬೇಕು. 18ರಲ್ಲಿ, ನಡುವೆ, ಉದ್ದದ ತುದಿಯಲ್ಲಿ ತಲಾ ಹತ್ತು ಚಿತ್ರ ತೆಗೆದು, ಅಲ್ಲೇ ದೊಡ್ಡದು ಮಾಡಿ ನೋಡಿ. ಬಿಲ್ ಕೇಳಿ ಪಡೆಯಿರಿ, ಲೆನ್ಸ್ ಮೇಲಿನ ಸೀರಿಯಲ್ ನಂಬರ್‌ಗೆ ಹೋಲಿಸಿ ನೋಡಿ.

ದೂರ, ಹತ್ತಿರ

ದೂರದಿಂದ ತೆಗೆಯಲೇಬೇಕಾದ ಹೊತ್ತೂ ಇದೆ. ತುಂಗಾ, ಭದ್ರಾ ಎರಡೂ ಕಡೆಯಿಂದ ನೀರು ಬಿಟ್ಟಾಗ ಕೂಡಲಿಯಲ್ಲಿ ಸೇರಿ ಬರುವ ಹೊಳೆ ಹರಿಹರದಲ್ಲಿ ದಂಡೆ ಮೀರುತ್ತದೆ. ಆಗ ನೀರಿನ ಅಂಚಿಗೆ ಇಳಿದು 18ರಲ್ಲಿ ತೆಗೆಯುವುದು ಧೈರ್ಯವಲ್ಲ, ಹುಚ್ಚು. ಎತ್ತರದ ಜಾಗದಲ್ಲಿ ನಿಂತು 135ರಲ್ಲಿ ತೆಗೆಯಿರಿ. ಯಾವ ಚಿತ್ರವೂ ಪ್ರಾಣಕ್ಕಿಂತ ದೊಡ್ಡದಲ್ಲ.

ಜನರ ವಿಷಯಕ್ಕೆ ಬಂದರೆ ನಾವು ಹತ್ತಿರದ ಪಕ್ಷ. ಮೈಸೂರಿನ ಟಿ.ಎಸ್. ಸತ್ಯನ್ ಅವರನ್ನು ನಾವು ಪತ್ರಿಕೋದ್ಯಮ ತರಗತಿಯಲ್ಲಿ ಓದಿದ್ದೇವೆ. ಯುನಿಸೆಫ್‌ಗೂ ಕೆಲಸ ಮಾಡಿದ, 1977ರಲ್ಲಿ ಪದ್ಮಶ್ರೀ ಪಡೆದ ಛಾಯಾಗ್ರಾಹಕ. ಅವರು ಇಂದಿಗೂ ನೆನಪಾಗುವುದು ಸಾಮಾನ್ಯ ಜನರ, ಮಕ್ಕಳ ಚಿತ್ರಗಳಿಂದ. ಆ ಚಿತ್ರಗಳಲ್ಲಿ ಎದುರಿಗಿರುವವರು ಕ್ಯಾಮೆರಾಗೆ ಹೆದರಿಲ್ಲ. ಆ ನಂಬಿಕೆ ಯಾವ ಲೆನ್ಸ್ ಜತೆಗೂ ಡಬ್ಬದಲ್ಲಿ ಬರುವುದಿಲ್ಲ.

ಎಂಬತ್ತು ಅಡಿ ದೂರದಿಂದ ಒಬ್ಬ ಹೆಂಗಸು ಅಳುವುದನ್ನು ತೆಗೆದರೆ ಆಕೆಗೆ ಗೊತ್ತೇ ಆಗುವುದಿಲ್ಲ, ನಾವು ಹೆಸರೂ ಕೇಳಿರುವುದಿಲ್ಲ. ಹತ್ತು ಅಡಿಯಲ್ಲಿ ನಿಂತರೆ ಕೇಳಲೇಬೇಕು: "ಅಮ್ಮಾ, ಫೋಟೊ ತೆಗಿಲಾ?" ಬೇಡ ಎಂದರೆ ಕ್ಯಾಮೆರಾ ಇಳಿಸಬೇಕು. ಹೂಂ ಎಂದರೆ ಹೆಸರು, ಊರು, ಏನು ನಷ್ಟ ಆಯಿತು ಎಲ್ಲ ಸಿಗುತ್ತದೆ. ಸುದ್ದಿ ಹುಟ್ಟುವುದೇ ಅಲ್ಲಿ.

ಹಾಗಾಗಿ ಊರಿನ ಹುಡುಗರಿಗೆ, ಹುಡುಗಿಯರಿಗೆ ನಮ್ಮ ಮಾತು ಇಷ್ಟೆ. ಸ್ನೇಹಿತರ ಲೆನ್ಸ್ ಒಂದು ದಿನಕ್ಕೆ ಕೇಳಿ ತಂದು ನಿಮ್ಮ ಸಂತೆಯಲ್ಲಿ, ನಿಮ್ಮ ಗುಡಿಯ ಮುಂದೆ ತೆಗೆದು ನೋಡಿ. ಬೇಕು ಅನ್ನಿಸಿದರೆ ಹಳೆಯದೊಂದು 18-135 ಅಥವಾ 18-140, ಮುಂದೆ ಕೈಲಾದಾಗ ಒಂದು 50. ಚಿತ್ರದಿಂದ ಬರುವ ದುಡ್ಡಿನಲ್ಲೇ ಕಂತು ತೀರುವಂತಿದ್ದರೆ ಮಾತ್ರ ಸಾಲ ಮಾಡಿ. ಇಲ್ಲವಾದರೆ 18-55 ಕೈಯಲ್ಲಿ ಇರಲಿ, ಎರಡು ಹೆಜ್ಜೆ ಮುಂದೆ ಹೋಗಿ ಮಾತನಾಡಿಸಿ.