ಒಪ್ಪಿಗೆಯ ರುಜುವೂ ಹನ್ನೆರಡು ಗಂಟೆಯ ದುಡಿಮೆಯೂ

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ನಿಂತು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಬುತ್ತಿ ಹಿಡಿದ ಹೆಣ್ಣುಮಕ್ಕಳು ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಿಗೂ ಅಪಾರೆಲ್ ಪಾರ್ಕಿನ ಗಾರ್ಮೆಂಟ್ಸಿಗೂ ಹೊರಟಿರುತ್ತಾರೆ. ಅವರಲ್ಲಿ ಕೆಲವರು ನಾನು ಮೇಷ್ಟರಾಗಿದ್ದಾಗ ಮಗ್ಗಿ ಒಪ್ಪಿಸಿದವರು. ಈ ವಾರ ಅವರ ಸಲುವಾಗಿ ಒಂದು ಲೆಕ್ಕ ಮಾಡೋಣ.

2020ರ ಮೇ 22ರಂದು, ಕೋವಿಡ್ ಕಾಲದಲ್ಲಿ, ರಾಜ್ಯ ಸರ್ಕಾರದವರು ಕಾರ್ಖಾನೆಗಳಲ್ಲಿ ದಿನಕ್ಕೆ 10, ವಾರಕ್ಕೆ 60 ಗಂಟೆಯವರೆಗೆ ದುಡಿಸಬಹುದೆಂದು ಆಜ್ಞೆ ಹೊರಡಿಸಿದರು. ಕಾರ್ಮಿಕರು ಪ್ರತಿಭಟಿಸಿದರು, ವಿಷಯ ಹೈಕೋರ್ಟಿಗೆ ಹೋಯಿತು. ಜೂನ್ ತಿಂಗಳಲ್ಲೇ ಆಜ್ಞೆ ವಾಪಸಾಯಿತು.

ಮೂರು ವರ್ಷ ಕಳೆಯುವುದರೊಳಗೆ, 2023ರಲ್ಲಿ, ಕಾರ್ಖಾನೆ ಕಾನೂನಿಗೇ ತಿದ್ದುಪಡಿ ಬಂತು. ದಿನದ ಮಿತಿಯನ್ನು 9 ಗಂಟೆಯಿಂದ 12ಕ್ಕೆ ಏರಿಸಲು ಅವಕಾಶ ಕೊಟ್ಟರು. ಹೆಂಗಸರ ರಾತ್ರಿ ಪಾಳಿಗೂ ದಾರಿ ಮಾಡಿದರು. ಆಪಲ್, ಫಾಕ್ಸ್‌ಕಾನ್ ಕಂಪನಿಗಳು ಇದಕ್ಕಾಗಿ ಒತ್ತಾಯ ತಂದಿದ್ದುವೆಂದು ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಆಗಲೇ ಬರೆಯಿತು. ಆ ಫಾಕ್ಸ್‌ಕಾನ್ ಕಾರ್ಖಾನೆ ಈಗ ನಮ್ಮ ದೇವನಹಳ್ಳಿಯ ಮಗ್ಗುಲಲ್ಲೇ ಇದೆ.

"ವಾರಕ್ಕೆ 48 ಗಂಟೆಯ ಮಿತಿ ಹಾಗೆಯೇ ಇದೆಯಲ್ಲ, ಭಯವೇಕೆ?" ಎಂದರು. ಆದರೆ ಅದೇ ತಿದ್ದುಪಡಿಯಲ್ಲಿ ಓವರ್‌ಟೈಮಿನ ಮಿತಿ ಮೂರು ತಿಂಗಳಿಗೆ 75 ಗಂಟೆಯಿಂದ 144ಕ್ಕೆ ಏರಿತು. ಮೂರು ತಿಂಗಳೆಂದರೆ 13 ವಾರ. 144ನ್ನು 13ರಿಂದ ಭಾಗಿಸಿದರೆ 11. ನಲವತ್ತೆಂಟಕ್ಕೆ ಹನ್ನೊಂದು ಕೂಡಿಸಿ: 59. ಮುಂಬಾಗಿಲಿನಿಂದ ಅಟ್ಟಿದ ಅರವತ್ತು ಗಂಟೆ, ಒಂದು ಗಂಟೆ ಬಿಟ್ಟುಕೊಟ್ಟು, ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಕೂತಿತು.

ಓವರ್‌ಟೈಮಿಗೆ ಇಮ್ಮಡಿ ಕೂಲಿ ಉಂಟಲ್ಲ, ಕೆಲಸಗಾರರೇ ಕೇಳುತ್ತಾರಲ್ಲ ಎಂದು ಕೆಲವರು ನನ್ನನ್ನೇ ಪ್ರಶ್ನಿಸಿದ್ದಾರೆ. ಕೇಳುತ್ತಾರೆ, ನಿಜ. ಎಂಟು ಗಂಟೆಯ ಕೂಲಿಯಲ್ಲಿ ಮನೆ ಬಾಡಿಗೆ, ಮಕ್ಕಳ ಫೀಜು, ಅಂಗಡಿಯ ಬಾಕಿ ತೀರುವುದಾದರೆ ಯಾವ ತಾಯಿ ಕೇಳುತ್ತಾಳೆ? ಹನ್ನೆರಡು ಗಂಟೆಯ ದಿನಕ್ಕೆ ಹಳ್ಳಿಯಿಂದ ಬಂದು ಹೋಗುವ ಮೂರು ಗಂಟೆ ಸೇರಿಸಿದರೆ ಹದಿನೈದಾಯಿತು. ಅಡಿಗೆ, ನೀರು, ನಿದ್ರೆಗೆ ಉಳಿದದ್ದು ಒಂಬತ್ತು. ವರ್ತಕ ಮಿತ್ರರೂ ಯೋಚಿಸಲಿ: ರಾತ್ರಿ ಒಂಬತ್ತಕ್ಕೆ ಬಸ್ಸಿಳಿಯುವವಳು ನಿಮ್ಮ ಅಂಗಡಿಗೆ ಬರುವುದು ಯಾವಾಗ?

ಇದಕ್ಕೆಲ್ಲ ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕೆಂದು ಕಾನೂನು ಬರೆದಿತ್ತು. ಯೂನಿಯನ್ ಇಲ್ಲದ ಕಡೆ, ಸೂಪರ್‌ವೈಸರನ ಮೇಜಿನ ಮುಂದೆ ಒಬ್ಬಂಟಿಯಾಗಿ ನಿಂತು ಹಾಕಿದ ರುಜುವನ್ನು ಒಪ್ಪಿಗೆಯೆನ್ನಲು ನನಗೆ ಮನಸ್ಸು ಬಾರದು. ಒಟ್ಟಾಗಿ ನಿಂತಾಗ ಇದೇ ಹೆಣ್ಣುಮಕ್ಕಳು ಏನು ಮಾಡಿದರೆಂಬುದು ದೆಹಲಿಗೂ ಗೊತ್ತು. ಪ್ರಾವಿಡೆಂಟ್ ಫಂಡಿನಲ್ಲಿ ಮಾಲಿಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂದು ಕೇಂದ್ರ ಸರ್ಕಾರ ನಿಯಮ ಮಾಡಿದಾಗ, 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಲಾಠಿಯನ್ನೂ ಅಶ್ರುವಾಯುವನ್ನೂ ಕಂಡರು. 19ರಂದೇ ನಿಯಮ ರದ್ದಾಯಿತು.

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ದಿನಕ್ಕೆ ಎಂಟು ಗಂಟೆಯೆಂದು ಬರೆದಿದ್ದಾರೆ, ಸಂತೋಷ. ಓವರ್‌ಟೈಮ್ ಎಷ್ಟೆಂಬುದನ್ನು ಮಾತ್ರ ಸರ್ಕಾರದ ನಿಯಮಕ್ಕೆ ಬಿಟ್ಟಿದ್ದಾರೆ. ವಿದ್ಯುತ್ ಬಳಸುವ ಕಡೆ ಹತ್ತು ಜನ ದುಡಿದರೆ ಕಾರ್ಖಾನೆಯೆಂಬ ಹಳೆಯ ಗೆರೆ ಈಗ ಇಪ್ಪತ್ತಕ್ಕೆ ಏರಿದೆ. ಹದಿನೈದು ಜನರನ್ನಿಟ್ಟುಕೊಂಡ ಮಗ್ಗದ ಶೆಡ್ಡು ಈ ಲೆಕ್ಕದಲ್ಲಿ ಕಾರ್ಖಾನೆಯೇ ಅಲ್ಲ! ನಾಲ್ಕು ಮಗ್ಗವಿಟ್ಟು ತಾನೂ ದುಡಿಯುವ ನೇಕಾರ ಬಂಧುವಿನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕಷ್ಟ ಬೇರೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಒಪ್ಪಿಗೆಯ ಕಾಗದ ಕೈಗೆ ಬಂದರೆ ಆ ದಿನವೇ ರುಜು ಹಾಕಬೇಡಿ. ಓದಿ ನೋಡಬೇಕೆಂದು ಕೇಳಿರಿ, ನಕಲು ತನ್ನಿರಿ. ಭಾನುವಾರ ಸಂಜೆ ನಮ್ಮ ಕಚೇರಿ ತೆರೆದಿರುತ್ತದೆ. ಪಕ್ಕದ ಮೆಷಿನ್ನಿನವಳನ್ನೂ ಜೊತೆಗೆ ಕರೆದುಕೊಂಡು ಬನ್ನಿರಿ.