ನೆಲನೆಲ್ಲಿಯೂ ರಕ್ತಪರೀಕ್ಷೆಯೂ

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಒಬ್ಬನ ಕಣ್ಣು ಹಳದಿಗಟ್ಟಿತೆಂದರೆ ಮನೆಯವರು ಮೊದಲು ನೆಲನೆಲ್ಲಿಯನ್ನು ಹುಡುಕುತ್ತಾರೆ. ನವಲಗುಂದದ ಎರೆಹೊಲದ ಬದುವಿನಲ್ಲಾಗಲಿ, ಕಲಘಟಗಿಯ ಮಲೆನಾಡ ಸೆರಗಿನಲ್ಲಾಗಲಿ ಮಳೆ ಬಿದ್ದೊಡನೆ ತಾನಾಗಿಯೇ ಏಳುವ ಈ ಗಿಡವನ್ನು ಅರೆದು, ಮಜ್ಜಿಗೆಯಲ್ಲಿ ಕದಡಿ, ಬರಿ ಹೊಟ್ಟೆಯಲ್ಲಿ ಕುಡಿಸುವುದು ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಇದನ್ನು ಮೌಢ್ಯವೆಂದು ನಕ್ಕುಬಿಡುವವರ ಪಂಕ್ತಿಯಲ್ಲಿ ನಾವು ನಿಲ್ಲಲಾರೆವು. ನೊಬೆಲ್ ಪಾರಿತೋಷಕ ಪಡೆದ ವಿಜ್ಞಾನಿಗಳೊಬ್ಬರೇ ಈ ಗಿಡವನ್ನು ತಮ್ಮ ಪ್ರಯೋಗಶಾಲೆಗೆ ಬರಮಾಡಿಕೊಂಡಿದ್ದರೆಂಬುದನ್ನು ನಮ್ಮ ವಾಚಕರು ಅರಿಯಬೇಕು; ಆ ಪರೀಕ್ಷೆಯ ಫಲವೇನಾಯಿತೆಂಬುದನ್ನು ಅದಕ್ಕಿಂತಲೂ ಹೆಚ್ಚಾಗಿ ಅರಿಯಬೇಕು.

ಅಮೇರಿಕೆಯ ಬರೂಕ್ ಬ್ಲಂಬರ್ಗ್ ಅವರು ಜನಿಸಿದ್ದು 1925ರ ಜುಲೈ 28ರಂದು. ಅವರು ಕಾಮಣಿಯ ಕಾರಣವನ್ನು ಅರಸಿ ಹೊರಟವರಲ್ಲ. ಮನುಷ್ಯರ ರಕ್ತದಲ್ಲಿ ವಂಶಪಾರಂಪರ್ಯವಾಗಿ ಬರುವ ಭೇದಗಳನ್ನು ತಿಳಿಯಲೆಂದು ದೇಶದೇಶಗಳ ರಕ್ತವನ್ನು ಸಂಗ್ರಹಿಸುತ್ತಿರಲು, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಅಪರಿಚಿತ ವಸ್ತುವೊಂದು ಕಾಣಿಸಿತು. 1965ರಲ್ಲಿ ಲೋಕಕ್ಕೆ ತಿಳಿಸಿದ ಆ ವಸ್ತು, ಯಕೃತ್ತನ್ನು ಕೆಡಿಸುವ ‘ಹೆಪಟೈಟಿಸ್ ಬಿ’ ವೈರಾಣುವಿನ ಹೊದಿಕೆಯೆಂದು ಮುಂದೆ ಸಿದ್ಧವಾಯಿತು. ದಾನಿಗಳ ರಕ್ತವನ್ನು ಪರೀಕ್ಷಿಸುವ ಕ್ರಮವೂ ಲಸಿಕೆಯೂ ಅದರಿಂದಲೇ ಹುಟ್ಟಿದವು. 1976ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. 1986ರಲ್ಲಿ ಅವರು ಸಂದರ್ಶಕ ಪ್ರಾಧ್ಯಾಪಕರಾಗಿ ಬೆಂಗಳೂರಿನಲ್ಲಿಯೂ ಇದ್ದರು.

ಅದೇ ಕಾಲದಲ್ಲಿ ಮದರಾಸಿನ ಡಾ. ಎಸ್. ಪಿ. ತ್ಯಾಗರಾಜನ್ ಅವರು ನೆಲನೆಲ್ಲಿಯ ಗುಣವನ್ನು ಶೋಧಿಸುತ್ತಿದ್ದರು. ಬ್ಲಂಬರ್ಗರು ಅವರೊಡನೆ ಕೈಗೂಡಿಸಿದರು. 1988ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ, ಗಿಡದ ಪುಡಿಯನ್ನು ಮೂವತ್ತು ದಿನ ಸೇವಿಸಿದ 37 ಜನರ ಪೈಕಿ 22 ಜನರ ರಕ್ತದಿಂದ ಆ ವೈರಾಣುವಿನ ಗುರುತು ಮಾಯವಾಗಿತ್ತು. ಔಷಧವಿಲ್ಲದ ಪುಡಿ ಪಡೆದ 23 ಜನರಲ್ಲಿ ಹಾಗಾದುದು ಒಬ್ಬನಿಗೆ ಮಾತ್ರ. ಭಾರತೀಯರೆಲ್ಲರೂ ಹಿಗ್ಗುವ ವಾರ್ತೆಯೇ ಸರಿ. ಆದರೆ ಥಾಯ್ಲೆಂಡ್ ಮೊದಲಾದೆಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಮರಳಿ ದೊರೆಯಲಿಲ್ಲ. ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ 2011ರ ಕಾಕ್ರೇನ್ ಸಮೀಕ್ಷೆಯು ನಂಬತಕ್ಕ ಆಧಾರವಿಲ್ಲವೆಂದೇ ತೀರ್ಮಾನಿಸಿತು. ನಮ್ಮ ಗಿಡಕ್ಕೆ ಅನ್ಯಾಯವಾಯಿತೆಂದು ಯಾರೂ ಕೊರಗಬೇಕಾದುದಿಲ್ಲ. ಅದಕ್ಕೆ ನ್ಯಾಯಾಸನದ ಮುಂದೆ ನಿಲ್ಲುವ ಗೌರವ ದೊರೆಯಿತು, ತೀರ್ಪೂ ದೊರೆಯಿತು.

ಹಾಗಾದರೆ ಹಳ್ಳಿಯಲ್ಲಿ ನೆಲನೆಲ್ಲಿ ಕುಡಿದವನು ಗುಣಹೊಂದುವುದೇಕೆ? ಕಾಮಣಿಯೆಂಬ ಹೆಸರು ಒಂದೇ ಆದರೂ ಅದನ್ನು ತರುವ ವೈರಾಣುಗಳು ಹಲವು. ಹೊಲಸು ನೀರಿನಿಂದ ಬರುವ ‘ಎ’ ಮತ್ತು ‘ಇ’ ಜಾತಿಯವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿಯೇ ತೊಲಗುತ್ತವೆ; ಕೀರ್ತಿ ಮಾತ್ರ ಗಿಡಕ್ಕೆ ಸಲ್ಲುತ್ತದೆ. ಗರ್ಭಿಣಿಯರಿಗಾದರೋ ‘ಇ’ ಪ್ರಾಣಾಂತಕವಾಗಬಲ್ಲುದು. ರಕ್ತದಿಂದ, ಶುದ್ಧಿಯಿಲ್ಲದ ಸೂಜಿಯಿಂದ, ತಾಯಿಯಿಂದ ಕೂಸಿಗೆ ಹರಡುವ ‘ಬಿ’ ಮತ್ತು ‘ಸಿ’ಗಳ ರೀತಿಯೇ ಬೇರೆ. ಕಣ್ಣಿನ ಹಳದಿ ಇಳಿದ ಮೇಲೂ, ಎಷ್ಟೋ ವೇಳೆ ಹಳದಿಯೇ ಕಾಣದೆಯೂ, ಅವು ಹತ್ತಾರು ವರ್ಷ ಮೌನವಾಗಿ ಯಕೃತ್ತನ್ನು ಸವೆಸಿ ಕೊನೆಗೆ ಅರ್ಬುದಕ್ಕೆ ಎಡೆಮಾಡಬಲ್ಲವು. ಹುಟ್ಟುವಾಗ ‘ಬಿ’ ತಗಲಿದ ಕೂಸುಗಳಲ್ಲಿ ನೂರಕ್ಕೆ ಸುಮಾರು 90ರಲ್ಲಿ ಅದು ಬೇರೂರಿ ಉಳಿಯುತ್ತದೆ. ಗಿಡ ಕುಡಿದು ಗುಣವಾಯಿತೆಂದು ಮರಳಿ ಹೊಲಕ್ಕೆ ಹೋದ ರೈತನು ಯಾವ ಜಾತಿಯ ಕಾಮಣಿಯಿಂದ ಎದ್ದನೆಂಬುದನ್ನು ರಕ್ತಪರೀಕ್ಷೆಯಲ್ಲದೆ ಬೇರಾವುದೂ ಹೇಳಲಾರದು. ಬರೆ ಹಾಕಿಸಿಕೊಳ್ಳುವ ಕ್ರೂರ ಪದ್ಧತಿಯಂತೂ ನೋವನ್ನಲ್ಲದೆ ಬೇರೇನನ್ನೂ ಕೊಡದು.

ಇಂದು ಔಷಧವಿಲ್ಲವೆಂಬ ನೆವವೂ ಉಳಿದಿಲ್ಲ. ‘ಸಿ’ ವೈರಾಣುವನ್ನು ಸಾಮಾನ್ಯವಾಗಿ ಹನ್ನೆರಡು ವಾರಗಳ ಗುಳಿಗೆಗಳು ನೂರಕ್ಕೆ 95ಕ್ಕೂ ಹೆಚ್ಚು ಜನರಲ್ಲಿ ನಿರ್ಮೂಲ ಮಾಡುತ್ತವೆ. ‘ಬಿ’ಯನ್ನು ಬೇರುಸಹಿತ ಕೀಳಲಾಗದಿದ್ದರೂ ಟೆನೋಫೊವಿರ್‌ನಂಥ ಗುಳಿಗೆಯಿಂದ ಅದನ್ನು ಅಡಗಿಸಿಡಬಹುದು. ಬ್ಲಂಬರ್ಗರ ಜನ್ಮದಿನದಂದೇ, 2018ರ ಜುಲೈ 28ರಂದು, ಕೇಂದ್ರ ಸರಕಾರವು ಈ ಪರೀಕ್ಷೆಯನ್ನೂ ಚಿಕಿತ್ಸೆಯನ್ನೂ ಧರ್ಮಾರ್ಥವಾಗಿ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು.

ಆದರೆ ದಿಲ್ಲಿಯಲ್ಲಿ ಆರಂಭವಾದುದು ಕುಂದಗೋಳದ ಬಡವನ ಬಾಗಿಲಿಗೆ ಮುಟ್ಟಿದಾಗಲೇ ಸಾರ್ಥಕ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳಲ್ಲಿ ಕಾಮಣಿಯಿಂದ ಬಂದ ಪ್ರತಿಯೊಬ್ಬರ ರಕ್ತವೂ ಪರೀಕ್ಷೆಯಾಗಬೇಕು. ಗರ್ಭಿಣಿಯರೆಲ್ಲರ ಪರೀಕ್ಷೆ ತಪ್ಪದೆ ನಡೆಯಬೇಕು. ಕೂಸು ಹುಟ್ಟಿದ 24 ತಾಸುಗಳೊಳಗೆ ಮೊದಲ ಲಸಿಕೆ ಬೀಳಬೇಕು. ಕುಡಿಯುವ ನೀರು ಶುದ್ಧವಾಗಿರಬೇಕು. ಹಳ್ಳಿಯ ಔಷಧಿ ಕೊಡುವವರನ್ನು ಅಧಿಕಾರಿಗಳು ಗದರಿಸಿ ದೂರವಿಡುವುದಕ್ಕಿಂತ, ‘ಮೊದಲು ರಕ್ತ ತೋರಿಸಿಕೊಂಡು ಬಾ’ ಎಂಬ ಮಾತು ಅವರ ಬಾಯಿಂದಲೇ ಹೊರಡುವಂತೆ ಒಲಿಸಿಕೊಳ್ಳುವುದು ಲೇಸೆಂದು ನಾವು ಭಾವಿಸುತ್ತೇವೆ. ಜನರು ಅವರ ಮಾತನ್ನು ನಂಬುತ್ತಾರೆ. ಆ ನಂಬಿಕೆಯನ್ನು ರೋಗಿಯ ಹಿತಕ್ಕೆ ಬಳಸಿಕೊಳ್ಳುವ ಜಾಣ್ಮೆ ಆರೋಗ್ಯ ಖಾತೆಗೆ ಬರಲಿ.