ತಾಯಿಯ ಉದ್ಯೋಗ: ಗೃಹಿಣಿ

ಕಳೆದ ವರ್ಷ ಈ ಕಾಲೇಜಿಗೆ ಸೇರುವಾಗ ಅರ್ಜಿಯನ್ನು ನಾನೇ ತುಂಬಿದ್ದೆ. ‘ತಂದೆಯ ಉದ್ಯೋಗ’ ಎಂಬಲ್ಲಿ ‘ಚಾಲಕ’ ಎಂದು ಬರೆದೆ. ‘ತಾಯಿಯ ಉದ್ಯೋಗ’ ಎಂಬಲ್ಲಿ ಒಂದು ಕ್ಷಣವೂ ಯೋಚಿಸದೆ ‘ಗೃಹಿಣಿ’ ಎಂದು ಬರೆದೆ. ಮನೆಗೆ ಬಂದ ಮೇಲೆ ಉಮ್ಮ ಅರ್ಜಿಯ ಪ್ರತಿಯನ್ನು ಓದಿ ನಗುತ್ತಲೇ ಕೇಳಿದರು: “ನಾನು ಮನೆಯಲ್ಲಿ ಸುಮ್ಮನೆ ಕೂತದ್ದಾ?”

ನನ್ನಲ್ಲಿ ಉತ್ತರ ಇರಲಿಲ್ಲ. ನನಗೆ ನೆನಪಿರುವಂದಿನಿಂದ ಉಮ್ಮ ಬೀಡಿ ಕಟ್ಟುತ್ತಿದ್ದಾರೆ. ಸುಬ್‌ಹಿ ನಮಾಝಿನ ನಂತರ ಅಡುಗೆ, ನಮ್ಮನ್ನು ಶಾಲೆಗೆ ಕಳುಹಿಸುವುದು, ಆಮೇಲೆ ಎಲೆ ಕತ್ತರಿಸುವುದು, ಸಂಜೆಯವರೆಗೆ ಮಡಿಲಲ್ಲಿ ಮೊರ ಇಟ್ಟುಕೊಂಡು ಸುತ್ತುವುದು. ಇಪ್ಪತ್ತೈದರ ಕಟ್ಟುಗಳನ್ನು ಬ್ರಾಂಚಿಗೆ ಕೊಂಡುಹೋಗಿ ಕೊಡುತ್ತಿದ್ದವನು ನಾನು. ಆ ದಿನ ಕಾಲೇಜಿಗೆ ಕಟ್ಟಿದ ಶುಲ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಉಮ್ಮನ ಬೀಡಿಯ ಹಣ. ಆದರೂ ನನ್ನ ಕೈ ಬರೆದದ್ದು ‘ಗೃಹಿಣಿ’ ಎಂದೇ.

ನನಗೆ ಹೊಳೆಯದ ಮಾತನ್ನು ಕಾನೂನು ನಾನು ಹುಟ್ಟುವ ಎಷ್ಟೋ ಮೊದಲೇ ಹೇಳಿತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲೇ ಕುಳಿತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಪರಿಗಣಿಸಿತು. ಅವರಿಗೆ ಭವಿಷ್ಯನಿಧಿ ಕೊಡಬೇಕಾಗಿಲ್ಲ ಎಂದು ಮಾಲೀಕರು ವಾದಿಸಿದಾಗ, 1985ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಕೆಲಸ ಮಾಡುವ ಜಾಗ ಮನೆಯಾದರೂ ಅದು ಕೆಲಸವೇ. ದಕ್ಷಿಣ ಕನ್ನಡ, ಉಡುಪಿಯ ಸಾವಿರಾರು ಮನೆಗಳಲ್ಲಿ ಜಾತಿ ಮತ ಎನ್ನದೆ ಹೆಂಗಸರು ಇದೇ ಕೆಲಸದಿಂದ ಮಕ್ಕಳನ್ನು ಓದಿಸಿದ್ದಾರೆ. ಹೀಗಿದ್ದೂ “ಉಮ್ಮ ಎಂತ ಮಾಡ್ತಾರೆ?” ಎಂದು ಯಾರಾದರೂ ಕೇಳಿದರೆ ನಾವು ಹೇಳುವುದು “ಎಂತ ಇಲ್ಲ, ಮನೆಯಲ್ಲಿ” ಎಂದು.

ಇದರ ಇನ್ನೊಂದು ಮುಖವನ್ನು ನಾನು ಗ್ರಾಮಸಭೆಯಲ್ಲಿ ಕಂಡೆ. ರಾಜ್ಯಶಾಸ್ತ್ರದಲ್ಲಿ ಪಂಚಾಯತ್ ರಾಜ್ ಪಾಠ ಆದ ಮೇಲೆ ಒಮ್ಮೆ ನೋಡೋಣ ಎಂದು ಹೋಗಿದ್ದೆ. ನಮ್ಮ ವಾರ್ಡಿನ ಸದಸ್ಯೆ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ನೀರಿನ ಪೈಪಿನ ಪ್ರಶ್ನೆ ಬಂದಾಗ ಎದ್ದು ನಿಂತು ಮಾತನಾಡಿದವರು ಅವರ ಗಂಡ. ಜನರೂ ಅವರನ್ನೇ “ಮೆಂಬರೇ” ಎಂದು ಕರೆದರು. ಸದಸ್ಯೆ ಆ ದಿನ ಒಂದು ಮಾತೂ ಆಡಲಿಲ್ಲ. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ.

ಬೀಡಿಯಲ್ಲಿ ಕೆಲಸ ಹೆಣ್ಣಿನದು, ಹೆಸರಿಲ್ಲ. ಪಂಚಾಯತಿನಲ್ಲಿ ಹೆಸರು ಹೆಣ್ಣಿನದು, ಕೆಲಸ ಇನ್ನೊಬ್ಬರದು. ಎರಡೂ ಒಂದೇ ತಪ್ಪು ಎಂಬುದು ನನ್ನ ಅಭಿಪ್ರಾಯ.

ಆ ಕುರ್ಚಿ ಅಲ್ಲಿಗೆ ಸುಲಭವಾಗಿ ಬಂದದ್ದಲ್ಲ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಝೀರ್ ಸಾಬ್ ಅವರು 1983ರ ಕಾಯ್ದೆಯ ರೂವಾರಿ. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಟ್ಟದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ಆ ಕಾಯ್ದೆ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿಟ್ಟಿತು. ಅದರಂತೆ 1987ರಲ್ಲಿ ಚುನಾವಣೆ ನಡೆಯಿತು. ಇಡೀ ದೇಶಕ್ಕೆ ಮೂರನೇ ಒಂದರಷ್ಟು ಮೀಸಲಾತಿ ತಂದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. 2010ರಲ್ಲಿ ಕರ್ನಾಟಕ ಅದನ್ನು ಶೇ. 50ಕ್ಕೆ ಏರಿಸಿತು. ನೀರು ಹೊರುವವಳಿಗೆ ನೀರಿನ ಬಗ್ಗೆ ನಿರ್ಧರಿಸುವ ಜಾಗದಲ್ಲಿ ಕುರ್ಚಿ ಸಿಕ್ಕಿದ್ದು ಹೀಗೆ. ಆ ಕುರ್ಚಿಯ ಮಾತನ್ನು ಈಗ ನಾವೇ ಅವಳಿಂದ ಕಿತ್ತುಕೊಳ್ಳುತ್ತಿದ್ದೇವೆ.

ಈ ಮಾತು ಹೇಳಿದಾಗ ನನ್ನ ಗೆಳೆಯನೊಬ್ಬ ಕೇಳಿದ: “ಅವರಿಗೆ ಕಾನೂನು ಗೊತ್ತಿಲ್ಲ, ಗಂಡ ಸಹಾಯ ಮಾಡಿದರೆ ತಪ್ಪೇನು?” ಸಹಾಯ ತಪ್ಪಲ್ಲ. ಸಭೆಗೆ ಕರೆದುಕೊಂಡು ಹೋಗಲಿ, ಕಾಗದ ಓದಿ ಹೇಳಲಿ. ಆದರೆ ಮೊದಲ ಸಲ ಗೆದ್ದ ಗಂಡಸಿಗೂ ಏನೂ ಗೊತ್ತಿರುವುದಿಲ್ಲ. ಅವನು ತಪ್ಪುತ್ತಾ, ಕೇಳುತ್ತಾ ಎರಡು ವರ್ಷದಲ್ಲಿ ಕಲಿಯುತ್ತಾನೆ. ಅವನ ಬದಲಿಗೆ ಹೆಂಡತಿ ಬಂದು ಮಾತನಾಡುವುದನ್ನು ನಾವು ಎಲ್ಲಿಯೂ ಕಂಡಿಲ್ಲ. ತಪ್ಪುವ ಅವಕಾಶವೇ ಇಲ್ಲದವಳು ಕಲಿಯುವುದು ಯಾವಾಗ?

ಮೀಸಲಾತಿ ಬೇಡ, ಅರ್ಹತೆ ಇದ್ದವರು ತಾವಾಗಿ ಬರುತ್ತಾರೆ ಎನ್ನುವವರೂ ಇದ್ದಾರೆ. ಮೀಸಲಾತಿ ಇಲ್ಲದ ನಮ್ಮ ವಿಧಾನಸಭೆಯನ್ನು ಅವರು ನೋಡಲಿ. 2023ರ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು ಹತ್ತು ಮಂದಿ. ಅವರಲ್ಲಿ ಮುಸ್ಲಿಂ ಮಹಿಳೆ ಒಬ್ಬರೇ, ಕಲಬುರಗಿ ಉತ್ತರದ ಕನೀಝ್ ಫಾತಿಮಾ. ಉಳಿದ ಅರ್ಹರೆಲ್ಲ ಎಲ್ಲಿಗೆ ಹೋದರು?

ಇದೆಲ್ಲ ಹೊರಗಿನವರ ವಿಚಾರ, ನಮ್ಮ ಸಮುದಾಯದ್ದಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಹಝ್ರತ್ ಖದೀಜಾ (ರ) ದೊಡ್ಡ ವ್ಯಾಪಾರಿಯಾಗಿದ್ದರು, ಪ್ರವಾದಿಯವರು (ಸ) ಅವರ ಸರಕನ್ನು ಶಾಮಿಗೆ ಕೊಂಡುಹೋಗಿದ್ದರು ಎಂಬುದನ್ನು ಸೀರತ್ ಕಾರ್ಯಕ್ರಮಗಳಲ್ಲಿ ನಾವು ಪ್ರತಿವರ್ಷ ಕೇಳುತ್ತೇವೆ. ಹೆಣ್ಣು ಸಂಪಾದಿಸಿದ್ದು ಹೆಣ್ಣಿನದೇ, ಮಹ್ರ್ ಹೆಣ್ಣಿನದೇ ಎಂದು ಮದ್ರಸದಲ್ಲೇ ಕಲಿತಿದ್ದೇವೆ. ಭಾಷಣದಲ್ಲಿ ಹೆಮ್ಮೆಯಿಂದ ಹೇಳುವುದನ್ನು ಮನೆಯ ಲೆಕ್ಕದಲ್ಲಿ ಮರೆಯುವುದು ನಮ್ಮ ದೋಷ, ದೀನಿನದಲ್ಲ.

ಹುಡುಗರಾದ ನಮಗೆ ಇನ್ನೂ ಒಂದು ಮಾತು. 2019ರಲ್ಲಿ ಕೇಂದ್ರ ಸರ್ಕಾರ ಜನರು ದಿನದ ಸಮಯವನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಕೆಲಸಕ್ಕೆ, ಅದನ್ನು ಮಾಡುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಮಾಡುವ ಗಂಡಸರು 97 ನಿಮಿಷ. ಅದೂ ಮಾಡುವ ಗಂಡಸರ ಲೆಕ್ಕ. ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಗಂಡಸರು ಏನೂ ಮಾಡುವುದಿಲ್ಲ. ಹೆಣ್ಣುಮಕ್ಕಳು ಪರೀಕ್ಷೆಯಲ್ಲಿ ನಮಗಿಂತ ಮುಂದಿದ್ದೂ ಕೆಲಸದ ಜಾಗದಲ್ಲಿ ಕಡಿಮೆಯಾಗಲು ಈ ಐದು ಗಂಟೆಯೂ ಒಂದು ಕಾರಣ. ಪ್ರವಾದಿಯವರು (ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ತೊಡಗುತ್ತಿದ್ದರು ಎಂದು ಹಝ್ರತ್ ಆಯಿಷಾ (ರ) ತಿಳಿಸಿದ್ದಾರೆ. ಊಟ ಮಾಡಿದ ತಟ್ಟೆಯನ್ನು ತಂಗಿ ತೊಳೆಯಲಿ ಎಂದು ಬಿಟ್ಟು ಏಳುವಾಗ ನಾವು ಯಾರ ಸುನ್ನತ್ ಪಾಲಿಸುತ್ತಿದ್ದೇವೆ?

ನಾನು ಕೇಳುವುದು ದೊಡ್ಡ ಬದಲಾವಣೆಯನ್ನಲ್ಲ. ಮುಂದಿನ ಗ್ರಾಮಸಭೆಗೆ ನಿಮ್ಮ ಊರಿನಲ್ಲಿ ಹೋಗಿ. ಪ್ರಶ್ನೆಯನ್ನು ಸದಸ್ಯೆಯ ಹೆಸರು ಹೇಳಿಯೇ ಕೇಳಿ, ಉತ್ತರ ಅವರಿಂದಲೇ ಬರುವವರೆಗೆ ಕಾಯಿರಿ. ಉಮ್ಮನ ಭವಿಷ್ಯನಿಧಿಯ ಪುಸ್ತಕ ಎಲ್ಲಿದೆ, ಅದರಲ್ಲಿ ಎಷ್ಟಿದೆ ಎಂದು ಒಮ್ಮೆ ಜೊತೆಗೆ ಕುಳಿತು ನೋಡಿ. ಉಪನ್ಯಾಸಕರಲ್ಲಿ ನನ್ನ ವಿನಂತಿ: ಅರ್ಜಿ ತುಂಬಿಸುವಾಗ ‘ತಾಯಿಯ ಉದ್ಯೋಗ’ದ ಮುಂದೆ ನಾವು ಬರೆದದ್ದು ನಿಜವೇ ಎಂದು ಒಂದು ಮಾತು ಕೇಳಿ.

ಈ ವರ್ಷ ದ್ವಿತೀಯ ಪಿಯುಸಿಯ ಅರ್ಜಿಯಲ್ಲಿ ನಾನು ‘ಬೀಡಿ ಕಾರ್ಮಿಕೆ’ ಎಂದು ಬರೆದೆ. ತೋರಿಸಿದಾಗ ಉಮ್ಮ ಕತ್ತರಿಯನ್ನು ಕೆಳಗಿಡಲಿಲ್ಲ. “ಅಕ್ಷರ ಸ್ವಲ್ಪ ಚೆಂದ ಮಾಡಿ ಬರೆಯಬಹುದಿತ್ತು” ಎಂದರು.